ಹುಳಿ ಹಿಂಡುವವಳು

ಪುಯೆಬ್ಲಾದ ಬಸ್ ನಿಲ್ದಾಣದ ಗೋಡೆಗೆ ಒತ್ತಿ
ಇಪ್ಪತ್ತೆರಡು ವರ್ಷದಿಂದ ನಿಂತಿದೆ ನನ್ನ ಗಾಡಿ.
ಪಪಾಯ, ಅನಾನಸು, ಕಲ್ಲಂಗಡಿ, ಮಾವು,
ಎಷ್ಟು ಉಜ್ಜಿದರೂ ಮಣ್ಣಿನ ವಾಸನೆ ಬಿಡದ ಹಿಕಾಮಾ ಗೆಡ್ಡೆ.
ಹೆಚ್ಚಿ ಲೋಟಕ್ಕೆ ತುಂಬಿ
ಉಪ್ಪು ಖಾರ ಉದುರಿಸಿ
ಮೇಲೆ ಅರ್ಧ ನಿಂಬೆ ಹಿಂಡಿದೆನೆಂದರೆ
ರಾತ್ರಿಯಿಡೀ ಬಸ್ಸು ಓಡಿಸಿ ಬಂದವನ ಕಣ್ಣೂ
ಚುರುಕ್ಕೆಂದು ತೆರೆಯಬೇಕು.
ಎರ್ಮೆಲಿಂಡಾ ಎಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ,
ನಿಂಬೆಯವಳು ಎನ್ನಿ, ಬೆರಳು ತೋರಿಸುತ್ತಾರೆ.

ಹೋದ ಚಳಿಗಾಲ ಆ ಹುಳಿ ನನ್ನೊಳಗೇ ಏರಿತು.
ಮಲಗಿದರೆ ಗಂಟಲಲ್ಲಿ ಕೆಂಡ,
ಎದ್ದು ಕೂತರೆ ಎದೆಯಲ್ಲಿ.
'ಹೊಟ್ಟೆಕಿಚ್ಚು' ಎಂದಳು ತಂಗಿ ಓಬ್ದುಲಿಯಾ,
'ಎದುರು ಗಾಡಿಯ ಚೆಂಚೊನ ವ್ಯಾಪಾರ ನೋಡಿ ನೋಡಿ.'
ಇದ್ದರೂ ಇರಬಹುದು.
ಹೊಸ ಕೊಡೆ ತಂದಿದ್ದಾನೆ ಅವನು, ಹಳದಿಯದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು.
ಬೆಳಿಗ್ಗೆ, ಬರಿಹೊಟ್ಟೆಗೆ, ಒಂದು ಗುಳಿಗೆ,
ಅರ್ಧ ಗಂಟೆ ಬಿಟ್ಟು ತಿಂಡಿ.
ವಾರದೊಳಗೆ ಕೆಂಡ ಬೂದಿಯಾಯಿತು.
ಕೈ ಮುಗಿಯಲೆಂದು ಹೋದೆ,
ಆಗ ಹಿಂಡಿದಳು ನೋಡಿ ಹುಳಿ:

'ಹೊಟ್ಟೆಯ ಆಮ್ಲ ಬರೀ ಉರಿಯುವುದಲ್ಲಮ್ಮ,
ಬಾಗಿಲು ಕಾಯುವ ಆಳು ಅದು.
ಹಣ್ಣಿನ ಜೊತೆ ಕಾಣದ ಹಾಗೆ ನುಗ್ಗುವವರನ್ನು
ಹೊಸ್ತಿಲಲ್ಲೇ ತಡೆದು ಸುಡುತ್ತಿತ್ತು.
ಈಗ ಗುಳಿಗೆ ನುಂಗಿ ಅವನಿಗೆ ತೂಕಡಿಕೆ.
ಹಣ್ಣು ಬಿಡಬೇಡಿ. ತೊಳೆದು ತಿನ್ನಿ,
ಸಿಪ್ಪೆ ನಿಮ್ಮ ಕೈಯಾರೆ ಸುಲಿದು ತಿನ್ನಿ.
ಹೆಚ್ಚಿ ಬಿಸಿಲಿಗಿಟ್ಟದ್ದು ಬೇಡ.
ಬೀದಿ ಬದಿಯ ಲೋಟದ ಹಣ್ಣಂತೂ ಬೇಡವೇ ಬೇಡ.'

'ನಿಂಬೆ ಹಿಂಡಿದರೆ ಸಾಯುವುದಿಲ್ಲವೇ ಅವು?'
'ನಿಂಬೆಯನ್ನು ನಂಬಿ ಕೂರಬೇಡಿ' ಎಂದಳು.

ಅವಳು ನನ್ನ ಕಸುಬು ಕೇಳಿರಲಿಲ್ಲ.
ನಾನೂ ಹೇಳಲಿಲ್ಲ.
ಉಗುರಿನ ಸಂದಿಯ ಖಾರದ ಕೆಂಪನ್ನು
ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದೆ.

ಮರುದಿನ ಗಾಡಿಯಲ್ಲಿ
ಅನಾನಸಿನ ಮೊದಲ ಚೂರು,
ಸಿಹಿಯೋ ಸಪ್ಪೆಯೋ ಎಂದು ದಿನಾ ಬಾಯಿಗಿಡುವ ಚೂರು,
ತುಟಿಯ ಹತ್ತಿರ ಬಂದು ನಿಂತಿತು.
ಬಗ್ಗಿ ನೋಡಿದೆ ಬಕೆಟ್ಟನ್ನು.
ಐದು ಗಂಟೆಗೆ ತುಂಬಿದ ನೀರು,
ಚಾಕು ಅದರಲ್ಲಿ, ಕೈ ಅದರಲ್ಲಿ, ಬಟ್ಟೆ ಅದರಲ್ಲಿ.
ಮಧ್ಯಾಹ್ನಕ್ಕೆ ಅದರ ಬಣ್ಣ ಯಾವುದು?
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ
ನನ್ನನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ದೊನ್ ಫಿದೆನ್ಸಿಯೊ ಬಂದ,
ರೈಲ್ವೆ ಶೆಡ್ಡಿನ ನಿವೃತ್ತ ಮುದುಕ,
ಜೇಬಿಂದ ಡಬ್ಬಿ ತೆಗೆದ.
ಡಬ್ಬಿಯಲ್ಲಿ ನನ್ನದೇ ಬಣ್ಣದ ಗುಳಿಗೆ.
ಅಯ್ಯೋ, ಇವನ ಬಾಗಿಲಲ್ಲೂ ಆಳು ಮಲಗಿದ್ದಾನೆ!
ಟಿಕೆಟ್ ಕೊಡುವ ಬಸುರಿಯ ಬಾಗಿಲಲ್ಲಿ?
ಮಗು ಹೊತ್ತ ಆ ಪರವೂರಿನವಳ ಬಾಗಿಲಲ್ಲಿ?
ಲೋಟ ಕೊಡುವ ಕೈಗೆ ಹೇಗೆ ತಿಳಿಯಬೇಕು?

ಕೊಟ್ಟೆನೇ ಅವನಿಗೆ? ಕೊಟ್ಟೆ.
ಸುಳ್ಳೇಕೆ, ಅಂದು ಎಲ್ಲರಿಗೂ ಕೊಟ್ಟೆ,
ಹಣ್ಣು ಹೆಚ್ಚಾಗಿತ್ತು, ಬಾಡಿಗೆ ಬಾಕಿ ಇತ್ತು.
ರಾತ್ರಿ ಎದೆ ಉರಿಯಲಿಲ್ಲ.
ನಿದ್ದೆಯೂ ಬರಲಿಲ್ಲ.

ಈಗ ಮುಚ್ಚಳವಿರುವ ಎರಡು ಬಕೆಟ್ಟು.
ಬಾಟಲಿಯ ಮೇಲೆ ಬರೆದಷ್ಟು ಹನಿ ಔಷಧಿ,
ಬರೆದಷ್ಟು ಹೊತ್ತು ಹಣ್ಣು ಮುಳುಗಿ ಕೂರಬೇಕು.
ಕೇಳಿದ ಮೇಲೆಯೇ ಸುಲಿಯುತ್ತೇನೆ.
ಬಸ್ಸು ಹೊರಡುವವರು ಗೊಣಗಿ
ಹಳದಿ ಕೊಡೆಯ ಕಡೆ ನಡೆಯುತ್ತಾರೆ.
ನೋಡುತ್ತೇನೆ.
ಆ ಕಿಚ್ಚಿಗೆ ಮಾತ್ರ ಇನ್ನೂ ಗುಳಿಗೆ ಬಂದಿಲ್ಲ.

ದೊನ್ ಫಿದೆನ್ಸಿಯೊ ಕಾಯುತ್ತಾನೆ,
ಮೊಣಕಾಲು ತಿಕ್ಕುತ್ತಾ, ಗಡಿಯಾರ ನೋಡುತ್ತಾ.
ಇಂದು ಅವನಿಗೊಂದು ಮಾವು, ನನಗೊಂದು,
ಅವನ ಎದುರೇ ಕೈ ತೊಳೆದು ಸುಲಿದೆ.
ಗೊರಟೆಯ ಹತ್ತಿರ ಚೂರು ಹುಳಿ ಉಳಿದಿತ್ತು.
'ನಿಂಬೆ?' ಎಂದೆ.
'ಎರಡೇ ಹನಿ' ಎಂದ.