ಕಾಲಂ ಹನ್ನೊಂದು

ತಾಲೂಕಿನಿಂದ ನಮೂನೆ ಬಂದಿದೆ, ಸೋಮವಾರದೊಳಗೆ ತುಂಬಬೇಕು.
ಕಾಲಂ ಹನ್ನೊಂದು: ಗ್ರಾಮದ ಇತಿಹಾಸ, ಇನ್ನೂರು ಪದ ಮೀರದಂತೆ.
ಕಾಲಂ ಹನ್ನೆರಡು: ಶೌಚಾಲಯಗಳ ಸಂಖ್ಯೆ.
ಹನ್ನೆರಡನ್ನು ಮೊದಲು ತುಂಬಿದೆ. ಮುನ್ನೂರ ಹದಿನಾರು,
ಬಾಗಿಲಿದ್ದವು, ಇಲ್ಲದವು ಕೂಡಿ.

ಆಮೇಲೆ ಪಂಚಾಯ್ತಿಯ ಕಬ್ಬಿಣದ ಅಲಮಾರಿ ತೆರೆದೆ.
ಕೆಳಖಾನೆಯಲ್ಲಿ ಮಂಡಲದ ಕಾಲದ ರಬ್ಬರ್ ಸಿಕ್ಕೆ,
ಅದರಡಿ ಮೈಸೂರು ಸರಕಾರದ್ದು, ಹಿಡಿಕೆ ಮುರಿದದ್ದು,
ಅದಕ್ಕೂ ಅಡಿಯಲ್ಲಿ ಕೆಂಪು ಬಟ್ಟೆಯ ಬಸ್ತಾ,
ಫಸಲಿ ಸಾವಿರದ ಮುನ್ನೂರ ಮೂವತ್ತೊಂದು.
ಉರ್ದು ಬಲದಿಂದ ಬರುತ್ತದೆ, ಮೋಡಿ ಎಡದಿಂದ.
ನಡುವೆ ಎಲ್ಲೋ ಹುಣಸಗಾಂವ ಇರಬೇಕು.

ಉರ್ದು ಶಾಲೆಯ ನಿವೃತ್ತ ಮೇಡಂ ಮೆಹರುನ್ನೀಸಾ
ಕನ್ನಡಕ ಮೂಗಿನ ತುದಿಗಿಳಿಸಿ ಓದಿದರು:
ಜಹಗೀರು ಪಾಯಗಾದ್ದು. ಜಮಾಬಂದಿ ಇಷ್ಟು, ಬಾಕಿ ಇಷ್ಟು.
ಮಾವಿನ ಮರ ಹನ್ನೊಂದು, ಒಂದಕ್ಕೆ ಸಿಡಿಲು ಬಡಿದಿದೆ,
ತೆರಿಗೆ ಹನ್ನೊಂದಕ್ಕೂ.
ಮಾಲಿಪಾಟೀಲ, ಅಪ್ಪನ ಹೆಸರು ಸಮೇತ.
ಕುಲಕರ್ಣಿ, ಅಜ್ಜನ ಹೆಸರೂ ಸಮೇತ.
ಕೊನೆಯ ಸಾಲು: ‘ದಫ್ತರ ಹೊರಲು ಬೇಗಾರಿ, ಆಸಾಮಿ ಒಂದು.’
“ಹೆಸರು?” ಅಂದೆ.
“ಒಂದು ಅಂತನೇ ಅದ, ಬೇಟಾ.”

ಆ ಒಂದು ನನ್ನ ಮುತ್ತಜ್ಜ.
ಅಜ್ಜಿ ಹೇಳುತ್ತಿದ್ದಳು: ಕುಲಕರ್ಣಿಯ ಕುದುರೆಯ ಹಿಂದೆ
ಹುಮನಾಬಾದಿನ ತನಕ ಊರನ್ನೇ ತಲೆಯ ಮೇಲಿಟ್ಟು ನಡೆದವ.
ಗಡಿಕಲ್ಲು, ಬಾವಿ, ಬಾಂಧು, ಅಣ್ಣತಮ್ಮಂದಿರ ಜಗಳ,
ಎಲ್ಲ ಸೇರಿ ಹದಿನೆಂಟು ಸೇರು.
ಮಳೆ ಬಂದರೆ ಕಂಬಳಿ ಬಸ್ತಾಕ್ಕೆ.
ಕಾಗದ ತೊಯ್ದರೆ ಛಡಿ ಏಟು,
ತಾನು ತೊಯ್ದರೆ ಕೇಳುವವರಿಲ್ಲ.

ಶನಿವಾರ ಪಾಸ್ಟರ್ ದೇವಪುತ್ರಪ್ಪನವರ ಮನೆಗೆ ಹೋದೆ.
ಬೆಳಗಿನ ಗಂಟೆ ಹೊಡೆಯುವುದರೊಳಗೆ ತಿರುಗಿ ತರಬೇಕೆಂಬ ಕರಾರಿನ ಮೇಲೆ
ದೀಕ್ಷಾಸ್ನಾನದ ಪುಸ್ತಕ ಕೊಟ್ಟರು, ಅಕ್ಕಿಚೀಲದ ಬಟ್ಟೆಯಲ್ಲಿ ಸುತ್ತಿ.
ಮೂರನೇ ಪುಟ. ಅದೇ ವರ್ಷ. ನಮ್ಮ ಕೇರಿ.
‘ಬುಕ್ಕ್ಯಾ, ಇನ್ನು ಮೇಲೆ ಯೋಹಾನ.
ಹೆಂಡತಿ ಸಾಯವ್ವ, ಇನ್ನು ಮೇಲೆ ಸಾರವ್ವ.’
ಆಕೆಗೆ ಒಂದಕ್ಷರದ ಖರ್ಚು ಅಷ್ಟೇ.
ಪಕ್ಕದಲ್ಲಿ ಅವನ ಹೆಬ್ಬೆಟ್ಟು, ನೀಲಿ,
ನಡುವೆ ಅಡ್ಡಕ್ಕೆ ಕುಡುಗೋಲಿನ ಗಾಯ.

ಕೈಯಾಡಿಸುತ್ತ ಕೂತೆ ಬಹಳ ಹೊತ್ತು.
ಆಮೇಲೆ ಪುಸ್ತಕ ತಿರುವಿದರೆ ಕೊನೆಯ ಹಾಳೆಯಲ್ಲಿ,
ಮರುವರ್ಷದ್ದು, ಅದೇ ಕೈಬರಹ:
‘ಯೋಹಾನ, ಸಭೆಯ ವಂತಿಗೆ ಬಾಕಿ, ಎರಡಾಣೆ.’
ಹೆಸರು ಬಂತು, ಬೆನ್ನಿಗೇ ಬಾಕಿಯೂ ಬಂತು.
ನಗು ಬಂತು ನನಗೆ. ನಾನು ಕರವಸೂಲಿಯವಳು,
ಎರಡಾಣೆ ಬಾಕಿ ಇಟ್ಟವನನ್ನು ಒಂದು ಮೈಲಿಯಿಂದ ಗುರುತಿಸುತ್ತೇನೆ.

ಒಂದು ಮಾತು ಎಲ್ಲೂ ಬರೆದಿಲ್ಲ.
ಪೊಲೀಸ್ ಆಕ್ಷನ್ನಿನ ಆ ಎರಡು ತಿಂಗಳು
ಕಚೇರಿಗೆ ಬೀಗ, ಕುಲಕರ್ಣಿ ಸೊಲ್ಲಾಪುರಕ್ಕೆ ಓಡಿದ್ದ,
ಬಸ್ತಾ ಇದ್ದದ್ದು ನಮ್ಮ ಗುಡಿಸಲಿನ ಜಂತಿಯ ಮೇಲೆ.
ಕೆಳಗೆ ಒಲೆ ಇತ್ತು, ಉರಿಯೂ ಇತ್ತು.
ಯಾಕೆ ಸುಡಲಿಲ್ಲ?
ಅಜ್ಜಿಯನ್ನು ಕೇಳಿದರೆ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು.

“ಪುರಾತನ ಕಾಲದಿಂದಲೂ ಇರುವ ಗ್ರಾಮ ಅಂತ ಬರೀರಿ,”
ಅಂದರು ನಮ್ಮ ಅಭಿವೃದ್ಧಿ ಅಧಿಕಾರಿ, “ಎಲ್ಲಾರೂ ಅದೇ ಬರದಾರ.”

ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ
ಹಾಜರಾತಿ ಯಂತ್ರಕ್ಕೆ ಹೆಬ್ಬೆಟ್ಟು ಕೊಟ್ಟೆ.
ತೊಗರಿ ಬಿಡಿಸಿದ ಬೆರಳು, ಗೆರೆ ಸವೆದಿದೆ, ಹಿಡಿಯಲಿಲ್ಲ.
ಸೆರಗಿಗೆ ಒರೆಸಿ ಕೊಟ್ಟೆ. ಹಿಡಿಯಲಿಲ್ಲ.
ಹಿಂದೆ ಸಾಲು ನಿಂತಿದೆ,
ನೀರು ಬಿಡುವ ಗುಂಡೇರಾವ ಕೆಮ್ಮುತ್ತಿದ್ದಾನೆ,
ಕಂಕುಳಲ್ಲಿ ನಮೂನೆ, ಹನ್ನೊಂದು ಇನ್ನೂ ಖಾಲಿ.
ಬೆರಳಿಗೆ ಉಗುಳು ಹಚ್ಚಿ
ಮತ್ತೆ ಒತ್ತುತ್ತೇನೆ.