ತಟ್ಟಿ ಕೇಳುವುದು

ಕಕ್ಕಬೆಯ ಹಳೇ ಜೇನು ಗೋದಾಮಿನಲ್ಲಿ
ನನಗೆ ಸಿಕ್ಕಿದ್ದು ಕಿಟಕಿಯಿಲ್ಲದ ಮೂಲೆಕೋಣೆ.
ಹುಳ ಸತ್ತು ಖಾಲಿಯಾದ ಪೆಟ್ಟಿಗೆಗಳು ಸೂರಿನವರೆಗೆ,
ನಡುವೆ ಬಂಡೆಗೆ ಕಚ್ಚಿ ಕೂತ ಭೂಕಂಪಮಾಪಕ.
ಕೆಲಸ ಇಷ್ಟೇ: ಕಾಗದ ಬದಲಿಸು, ಬ್ಯಾಟರಿ ನೋಡು,
ರಿಜಿಸ್ಟರಿನ ಮೂರು ಕಲಮುಗಳಲ್ಲಿ ಬರೆ:
ಕಂಪನ. ಸ್ಫೋಟ. ಇತರೆ.

ಇತರೆಯೇ ಜಾಸ್ತಿ.
ಏಳೂಕಾಲರ ವಿರಾಜಪೇಟೆ ಬಸ್ಸು,
ಕಾಫಿ ಪಲ್ಪರ್,
ಹಿಂದಿನ ಗದ್ದೆಗೆ ಇಳಿದ ಆನೆ
(ಒಂದೇ. ಕುಂಟುತ್ತಿತ್ತು).
ಗಾಳಿ ಎದ್ದ ದಿನ
ಮರಗಳು ಬೇರು ಹಿಡಿದು ನೆಲವನ್ನು ಎಳೆಯುವುದು.

ಕುಡಿಯರ ಬೆಳ್ಯಪ್ಪ ಗೋದಾಮಿನ ಕಾವಲು,
ಹರೆಯದಲ್ಲಿ ಕಾಡುಜೇನು ಇಳಿಸಿದವನು.
"ಒಡೆಯದೆ ಒಳಗಿನದು ಹೇಗೆ ಗೊತ್ತಾಗ್ತದೆ?" ಅಂದ ಮೊದಲ ದಿನ.
ನಾನು ಬಾಯಿ ತೆರೆಯುವ ಮೊದಲೇ
ಪೆಟ್ಟಿಗೆಯೊಂದನ್ನು ಬೆರಳಗಂಟಿನಿಂದ ತಟ್ಟಿ, ಕಿವಿಯಿಟ್ಟು,
"ಪೊಳ್ಳು ಮರ ಒಂದು ಥರ ಹೇಳ್ತದೆ, ತುಂಬಿದ್ದು ಇನ್ನೊಂದು.
ಕೊಡಲಿ ಆಮೇಲೆ."

ಚಿಲಿಯಲ್ಲಿ ನೆಲ ಬಿರಿದ ರಾತ್ರಿ
ಇಪ್ಪತ್ತು ನಿಮಿಷಕ್ಕೆ ಸೂಜಿ ತೆಳ್ಳಗೆ ಎದ್ದಿತು.
ನೂಕುತ್ತ ನಡೆಯುವ ಅಲೆ
ಭೂಮಿಯ ಹೊಟ್ಟೆಯನ್ನೇ ಹಾದು ಬಂದಿತ್ತು.
ಹಿಂದೆ ಬರಬೇಕಾದ, ಅಡ್ಡಡ್ಡ ಓಲಾಡುವ ಇನ್ನೊಂದು
ಆ ದಾರಿಯಲ್ಲಿ ಬರಲೇ ಇಲ್ಲ.
"ನಡುವೆ ಹೊಳೆ ಸಿಕ್ಕಿರಬೇಕು."
ಕರಗಿದ ಕಬ್ಬಿಣ, ಅಂದೆ. ಓಲಾಡಲು ಗಟ್ಟಿ ಬೇಕು,
ದ್ರವದಲ್ಲಿ ಅದಕ್ಕೆ ಹಿಡಿತವಿಲ್ಲ.
ಬೆಳ್ಯಪ್ಪ ಬೀಡಿ ಮುಗಿಯುವವರೆಗೂ ಯೋಚಿಸಿದ.
"ಹಾಗಾದರೆ ತುಂಬಿದ ಮರ."

ಕೋರೆಯ ಮ್ಯಾನೇಜರ್ ಒಮ್ಮೆ ಬಂದಿದ್ದ,
ಪಕ್ಕದ ಪೊನ್ನವ್ವನ ಗೋಡೆಯ ಬಿರುಕನ್ನು
ಕಂಪನದ ಕಲಮಿಗೆ ಹಾಕಿಸಲು.
ಮದ್ದು ಸಿಡಿದರೆ ಸುತ್ತಲೂ ಹೊರಗೇ ನೂಕುತ್ತದೆ,
ಎಲ್ಲಿ ಕೂತು ನೋಡಿದರೂ ಮೊದಲ ಗೆರೆ ಮೇಲಕ್ಕೇ.
ಭೂಕಂಪ ಪಾಲುಪಟ್ಟಿಯ ಜಗಳ:
ಒಬ್ಬನನ್ನು ತಳ್ಳಿ ಇನ್ನೊಬ್ಬನನ್ನು ಎಳೆಯುತ್ತದೆ.
ಇಲ್ಲಿಯ ಗೆರೆ, ಭಾಗಮಂಡಲದ ಗೆರೆ, ಸೋಮವಾರಪೇಟೆಯ ಗೆರೆ
ಮೂರನ್ನೂ ಜೋಡಿಸಿಟ್ಟೆ. ಮೂರೂ ಮೇಲಕ್ಕೆ, ಸಂಜೆ ನಾಲ್ಕಕ್ಕೆ.
ಚಹಾ ಪೂರ್ತಿ ಕುಡಿದು ಹೋದ.

ಮಾರ್ಚಿಯಲ್ಲಿ, ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದಾಗ
ನೆಲ ಗುರ್ರೆಂದಿತು.
ಪೊನ್ನವ್ವ ಟಾರ್ಚು ಹಿಡಿದು ಬಾಗಿಲಿಗೆ ಬಂದಳು,
"ತಟ್ಟೆಗಳೆಲ್ಲ ಮಾತಾಡಿದವು. ಏನು ಹೇಳ್ತದೆ ನಿನ್ನ ಯಂತ್ರ?"
ನೂಕಿದ್ದಕ್ಕೂ ಓಲಾಡಿದ್ದಕ್ಕೂ ನಡುವೆ ಮೂರೂವರೆ ಸೆಕೆಂಡು.
ಎಂಟರಿಂದ ಗುಣಿಸಿದರೆ ಇಪ್ಪತ್ತೆಂಟು ಕಿಲೋಮೀಟರು,
ಮಿಂಚು ಕಂಡು ಗುಡುಗಿಗೆ ಎಣಿಸುತ್ತೇವಲ್ಲ, ಹಾಗೆ.
ಯಾವ ಕಡೆ?
ಚೆಂಬು ಇರಬಹುದು, ಕೇರಳವೂ ಇರಬಹುದು,
ದಿಕ್ಕಿಗೆ ಇನ್ನಿಬ್ಬರು ಸಾಕ್ಷಿ ಬೇಕು.
ಮುಂದಿನದು ಯಾವಾಗ?
ಗೊತ್ತಿಲ್ಲ.
"ಮತ್ತೆ ಸಂಬಳ ಯಾತಕ್ಕೆ?" ಎಂದು
ಬಾಳೆಹಣ್ಣು ಕೊಟ್ಟು ಹೋದಳು.

ಆಷಾಢದ ಒಂದು ಬೆಳಗ್ಗೆ, ಬಸ್ಸಿಗೂ ಮೊದಲು,
ಕಾಗದದ ಮೇಲೆ ಎರಡು ಸಣ್ಣ ಮುಳ್ಳು, ಅಕ್ಕಪಕ್ಕ.
ಗಾಳಿಯಲ್ಲಿ ಬಂದ ಸದ್ದು ನೆಲಕ್ಕೂ ತಟ್ಟುತ್ತದೆ.
ಬೆಳ್ಯಪ್ಪ ಹೊರಗೆ ಎದ್ದು ನಿಂತಿದ್ದ, ಮುಂಡಾಸು ಕೈಯಲ್ಲಿ.
ಹುಟ್ಟಿಗೆ ಕೋವಿ ಒಂದೇ ಗುಂಡು ಹೇಳುತ್ತದೆ.

ರಿಜಿಸ್ಟರು ತೆರೆದೆ.
ಸ್ಫೋಟವೆಂದು ಬರೆಯಬೇಕಿತ್ತು, ನಿಯಮದ ಪ್ರಕಾರ.
ಎರಡರ ನಡುವಿನ ಸೆಕೆಂಡುಗಳನ್ನು
ಕೈ ತಾನಾಗಿ ಅಳೆದಿತ್ತು.
ಎಂಟರಿಂದ ಗುಣಿಸಲಿಲ್ಲ.