ಎರಡನೇ ಓರೆಗೆರೆ

ಬೆಂದೂರಿನ ಸೊಸೈಟಿ, ಮೇಲಿನ ಮಹಡಿ, ಒಂದು ಶನಿವಾರ.
ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಎಂಟು ಜನ.
ಹಲಗೆಯ ಮೇಲೆ ನಾನೇ ಬರೆದಿದ್ದೆ:
ಲಿಂಕ್ ಒತ್ತುವ ಮೊದಲು ಹೆಸರು ಓದಿ.
ಓರೆಗೆರೆ ಬಂದಲ್ಲಿಗೆ ಹೆಸರು ಮುಗಿಯಿತು.
ಅದು ನಮ್ಮದಾದರೆ ಹೆದರುವುದು ಬೇಡ.

ಅಷ್ಟನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡವರು ಒಬ್ಬರೇ,
ಸೆವ್ರಿನ್ ಬಾಯಮ್ಮ. ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ, ಗೂಡಿನಿಂದ ಇಳಿದ ಹಂಚನ್ನು
ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟಿ,
ಕಣ್ಣಿಗೆ ಕಾಣದ ಬಿರುಕನ್ನು
ಸ್ವರದಲ್ಲೇ ಹಿಡಿದು ಬದಿಗಿಟ್ಟವರು.

ಫೆಬ್ರವರಿಯಲ್ಲಿ ಅವರಿಗೊಂದು ಸಂದೇಶ:
ಕೆವೈಸಿ ಬಾಕಿ ಉಂಟು, ಇಲ್ಲಿ ಒತ್ತಿ.
ಒತ್ತಲಿಲ್ಲ. ಕನ್ನಡಕ ಒರೆಸಿಕೊಂಡರು.
ಒಂದೊಂದೇ ಅಕ್ಷರ ತಟ್ಟಿ ನೋಡಿದರು.
ಸ್ವರ ಸರಿಯಾಗಿಯೇ ಇತ್ತು. ಹೆಸರು ನಮ್ಮದೇ.
ಬೀಗದ ಚಿತ್ರ ನಮ್ಮದೇ. ಬಾಗಿಲು ನಮ್ಮದೇ.

ಬಾಗಿಲ ಹಿಂದೆ ನಾನು ಬರೆದ ಒಂದು ಸಾಲು.

ಆ ಸಾಲು ಕೇಳುತ್ತದೆ: ಮುಂದೆ ಎಲ್ಲಿಗೆ?
ಚೀಟಿಯಲ್ಲಿ ಏನಿದೆಯೋ ಅಲ್ಲಿಗೆ ಕಳಿಸುತ್ತದೆ.
ಪಾಸ್‌ಬುಕ್ ನೋಡಲು ಬಂದವರು ಲಾಗಿನ್ ಆದಮೇಲೆ
ಪಾಸ್‌ಬುಕ್ ಪುಟಕ್ಕೇ ಸೇರಲಿ, ಪಾಪ, ಎಂಬ ಉಪಚಾರ.
ತಪಾಸಣೆ ಇಟ್ಟಿರಲಿಲ್ಲವೆಂದಲ್ಲ:
ಚೀಟಿ ಓರೆಗೆರೆಯಿಂದ ಶುರುವಾದರೆ
ಅದು ನಮ್ಮ ಮನೆಯೊಳಗಿನ ದಾರಿ, ಬಿಡು.
ಎರಡು ಓರೆಗೆರೆಯೂ ಒಂದರಿಂದಲೇ ಶುರುವಾಗುತ್ತದೆ
ಎಂಬುದು ಯಾಕೆ ಹೊಳೆಯಲಿಲ್ಲ?
ಎರಡು ಬಿದ್ದರೆ ಬ್ರೌಸರಿನ ಲೆಕ್ಕದಲ್ಲಿ ಅದು ಪರವೂರು.

ಫ್ರೇಮ್‌ವರ್ಕಿನ ಕೈಪಿಡಿಯಲ್ಲಿ ಎಚ್ಚರಿಕೆ ಇತ್ತು,
ತುಂಬ ಕೆಳಗೆ, ಸಣ್ಣ ಅಕ್ಷರದಲ್ಲಿ.
ನಾನು ಮೇಲಿನ ಉದಾಹರಣೆಯನ್ನು ನಕಲು ಮಾಡಿ
ಊಟಕ್ಕೆ ಎದ್ದಿದ್ದೆ. ಬಂಗುಡೆ ಪುಳಿಮುಂಚಿ. ನೆನಪಿದೆ.

ಬಾಯಮ್ಮ ಸರಿಯಾದ ಪಾಸ್‌ವರ್ಡನ್ನೇ ಕೊಟ್ಟರು.
ನಮ್ಮ ಬಾಗಿಲು ತೆರೆಯಿತು, ಕೈಹಿಡಿದು ನಡೆಸಿತು,
ಯಾರದೋ ಅಂಗಳದಲ್ಲಿ ಬಿಟ್ಟು ಬಂತು.
ಅಲ್ಲಿಯೂ ನಮ್ಮದೇ ನೀಲಿ, ನಮ್ಮದೇ ಲಾಂಛನ,
ಕೆಂಪು ಅಕ್ಷರ: ಪಾಸ್‌ವರ್ಡ್ ತಪ್ಪು, ಇನ್ನೊಮ್ಮೆ ಹಾಕಿ.
ಬೆರಳು ನಡುಗಿರಬೇಕು ಅಂದುಕೊಂಡರಂತೆ.
ಇನ್ನೊಮ್ಮೆ ಹಾಕಿದರು. ಆಮೇಲೆ ಬಂದ ಆರು ಅಂಕೆಯನ್ನೂ.

ಮೂವತ್ತೆಂಟು ಸಾವಿರದ ನಾನೂರು.

ಸೋಮವಾರ ಬಂದರು. ಬೈಯಲಿಲ್ಲ. ನೋಟ್‌ಬುಕ್ ತೆರೆದು
ನನ್ನ ವಾಕ್ಯದ ಮೇಲೆ ಬೆರಳಿಟ್ಟರು.
"ಓದಿಯೇ ಒತ್ತಿದ್ದು ಮಗಾ. ಇದರಲ್ಲಿ ಎಂತ ತಪ್ಪುಂಟು
ಹೇಳು, ತಿದ್ದಿಕೊಳ್ತೇನೆ."

ಸಂಜೆ ಕಂಕನಾಡಿಯಲ್ಲಿ ತಲಪಾಡಿ ಬಸ್ಸು ಹತ್ತಿದೆ.
ಯಾರೋ ಹುಡುಗ ಕಂಡಕ್ಟರಿಗೆ ಚೀಟಿ ಚಾಚಿದ.
ಐತಪ್ಪಣ್ಣ ಅದನ್ನು ದೀಪದ ಕೆಳಗೆ ಹಿಡಿದು
ಕೊನೆಯ ತನಕ ಓದಿದರು:
"ಇದು ಮೂಡುಬಿದಿರೆ ರೂಟು ಮಾರಾಯ. ನಮ್ಮದು
ಪಂಪ್‌ವೆಲ್, ಎಕ್ಕೂರು, ಕಲ್ಲಾಪು, ತೊಕ್ಕೊಟ್ಟು,
ಕೋಟೆಕಾರು, ಬೀರಿ, ತಲಪಾಡಿ. ಅಷ್ಟೇ.
ಚೀಟಿಯಲ್ಲಿ ಎಂತ ಬರೆದಿದ್ರೂ ಬೇರೆ ಕಡೆ ಹೋಗುದಿಲ್ಲ.
ಇಳಿ, ಆಚೆ ಬದಿ ನಿಲ್ಲು."
ಸೀಟಿ ಊದಿದರು.

ಆ ರಾತ್ರಿ ನಮ್ಮ ನಿಲ್ದಾಣಗಳ ಪಟ್ಟಿ ಬರೆದೆ.
ಪಟ್ಟಿಯಲ್ಲಿಲ್ಲದ ಚೀಟಿ ನೇರ ಮುಖಪುಟಕ್ಕೆ.
ಎರಡು ಗೆರೆ ಹಾಕಿ ನೋಡಿದೆ, ಮೂರು ಹಾಕಿ ನೋಡಿದೆ,
ಹಿಂದಕ್ಕೆ ಬಾಗಿದ ಗೆರೆಯನ್ನೂ. ಹೋಗಲಿಲ್ಲ.
ಒಟ್ಟು ನಾಲ್ಕು ಸಾಲು. ಹತ್ತು ನಿಮಿಷವೂ ಹಿಡಿಯಲಿಲ್ಲ,
ಅದೇ ಹೊಟ್ಟೆ ಉರಿಸಿದ್ದು.

ಹಲಗೆಯ ವಾಕ್ಯ ಮಾತ್ರ ತಿದ್ದಲು ಬರಲಿಲ್ಲ.
ಹೆಸರು ಓದಿ, ಆದರೆ ನಂಬಬೇಡಿ ಎನ್ನಲೇ?
ನಮ್ಮ ಹೆಸರನ್ನೇ?

ಶನಿವಾರ ಬಾಯಮ್ಮ ಮೊದಲ ಕುರ್ಚಿಯಲ್ಲಿದ್ದರು,
ಪೆನ್ನಿನ ಮುಚ್ಚಳ ತೆಗೆದು.
ಸೀಮೆಸುಣ್ಣ ಹಿಡಿದು ನಾನು ನಿಂತೇ ಇದ್ದೆ.
ಅವರು ಗೆಣ್ಣಿನಿಂದ ಮೇಜನ್ನು ಮೆಲ್ಲಗೆ ತಟ್ಟಿದರು,
ಒಮ್ಮೆ,
ತಲೆ ಓರೆ ಮಾಡಿ ಕೇಳಿದರು.